ಸಿಂಗಳೀಕ ಯಾರ ನೆಂಟ?

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರದ ಹಳ್ಳಿ. ಅಡಿಕೆ ತೋಟಕ್ಕೆ ಮುಸುವ ಬರುತ್ತೆ, ಕಾಡಿನಲ್ಲಿ ಸಿಂಗಳೀಕ ಇದೆ. ಎರಡರದ್ದೂ ಕಪ್ಪು ಮುಖ. ಹಾಗಾದರೆ ಎರಡೂ ಒಂದೇ ಕುಲ ಅಲ್ವಾ? ಕಾಡುಪಾಪವೂ ಮಂಗನೇನಾ?

ಉತ್ತರ: ಮುಖ ನೋಡಿ ನೆಂಟಸ್ತಿಕೆ ಹೇಳೋಕೆ ಹೋದರೆ ಎಡವೋದು ಇಲ್ಲೇ. ಮುಖ ಬಿಡಿ, ಕೆನ್ನೆ ನೋಡಿ. ಒಮ್ಮೆ ದೇವಸ್ಥಾನದ ಮೆಟ್ಟಿಲ ಮೇಲೆ ಕೋತಿಯೊಂದು ನನ್ನ ಕೈಯಿಂದ ಕಡಲೆಕಾಯಿ ಪೊಟ್ಟಣ ಕಿತ್ತುಕೊಂಡಿತು. ಅಗಿಯಲೇ ಇಲ್ಲ. ಎರಡೂ ಕೆನ್ನೆ ನಿಂಬೆಹಣ್ಣಿನಷ್ಟು ಉಬ್ಬುವ ತನಕ ತುರುಕಿಕೊಂಡು ಗೋಡೆ ಹತ್ತಿತು, ಆಮೇಲೆ ಮುಂಗೈಯಿಂದ ಕೆನ್ನೆ ಒತ್ತಿ ಒತ್ತಿ ಒಂದೊಂದೇ ಕಾಳನ್ನು ಬಾಯಿಗೆ ತಂದುಕೊಂಡು ಆರಾಮಾಗಿ ತಿಂದಿತು. ಆ ಕೆನ್ನೆಚೀಲ ಸಿಂಗಳೀಕಕ್ಕೂ ಇದೆ, ಮುಸುವನಿಗೆ ಇಲ್ಲ. ಮುಸುವನದ್ದು ಎಲೆ ತಿನ್ನುವ ವಂಶ. ಅದರ ಹೊಟ್ಟೆಯಲ್ಲಿ ಹಲವು ಕೋಣೆ, ಹಸುವಿನ ಹಾಗೆಯೇ ಒಳಗಿನ ಬ್ಯಾಕ್ಟೀರಿಯಾಗಳು ಎಲೆಯನ್ನು ಹುಳಿಸಿ ಕೊಡುತ್ತವೆ. ಹಾಗಾಗಿ ಸಿಂಗಳೀಕ ಮತ್ತು ನಮ್ಮ ಸಾದಾ ಕೋತಿ ಎರಡೂ 'ಮಕಾಕ' ಕುಲದವು, ಮುಸುವ ಬೇರೆ ಶಾಖೆ.

ಇನ್ನೊಂದು ಮಜಾ ಇದೆ. ಆ ಮಕಾಕ ಕುಲದೊಳಗೂ ಸಿಂಗಳೀಕದ ಹತ್ತಿರದ ನೆಂಟರು ಪಕ್ಕದ ಕೋತಿಗಳಲ್ಲ, ಆಗ್ನೇಯ ಏಷ್ಯಾದ ಹಂದಿಬಾಲದ ಮಕಾಕಗಳು! ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ, ನೆಂಟರೆಲ್ಲ ದೂರದಲ್ಲಿ.

ಕಾಡುಪಾಪ ಮಂಗ ಅಲ್ಲ, ಆದರೆ ಪ್ರೈಮೇಟ್ (ಮಂಗ, ಮನುಷ್ಯರೆಲ್ಲ ಸೇರಿದ ದೊಡ್ಡ ಗುಂಪು) ಹೌದು. ಅದರ ಮೂಗಿನ ತುದಿ ನಾಯಿಯದರ ಹಾಗೆ ಒದ್ದೆ. ಕೆಳಗಿನ ಮುಂದಿನ ಹಲ್ಲುಗಳು ಬಾಚಣಿಗೆಯಂತೆ ಮುಂದಕ್ಕೆ ಚಾಚಿವೆ, ಕಾಲಿನ ಎರಡನೇ ಬೆರಳಲ್ಲಿ ಮೈ ಕೆರೆಯೋಕೆ ಒಂದು ಉಗುರುಕೊಕ್ಕೆ. ಮಡಗಾಸ್ಕರಿನ ಲೀಮರ್‌ಗಳೂ ಇದೇ ಗುಂಪು. ನಾವು, ಮಂಗಗಳು, ಚಿಂಪಾಂಜಿ ಗೊರಿಲ್ಲಾದಂಥ ಬಾಲವಿಲ್ಲದ ವಾನರಗಳು ಒಣ ಮೂಗಿನವರು. ಫಿಲಿಪೈನ್ಸ್, ಬೋರ್ನಿಯೋ ಕಡೆಯ ಟಾರ್ಸಿಯರ್ ಮಾತ್ರ ತುಂಬ ಗೊಂದಲ ಮಾಡಿತ್ತು. ರಾತ್ರಿ ಓಡಾಟ, ದೊಡ್ಡ ಕಣ್ಣು, ನೋಡಿದರೆ ಕಾಡುಪಾಪದ ತಮ್ಮ. ಆದರೆ 1918ರಲ್ಲೇ ಪ್ರಾಣಿವಿಜ್ಞಾನಿ ಪೋಕಾಕ್ ಅದನ್ನು ನಮ್ಮ ಕಡೆಗೆ ಸೇರಿಸಿದ, ಡಿಎನ್‌ಎ ಈಗ ಅದಕ್ಕೆ ಹೌದೆನ್ನುತ್ತದೆ. (1758ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ಲಿನೇಯಸ್ ಬಾವಲಿಯನ್ನೂ ಪ್ರೈಮೇಟ್ ಪಟ್ಟಿಗೆ ಸೇರಿಸಿಬಿಟ್ಟಿದ್ದ, ಟಾರ್ಸಿಯರ್ ಗೊಂದಲ ಅದರ ಮುಂದೆ ಏನೂ ಅಲ್ಲ.)

ಪ್ರಶ್ನೆ: ಮಂಗನಿಂದ ಮಾನವ ಅಂತೀರಿ, ಮತ್ತೆ ಮಂಗಗಳು ಇನ್ನೂ ಯಾಕಿವೆ?

ಉತ್ತರ: ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ನಿಮ್ಮ ಮುತ್ತಜ್ಜನ ತಮ್ಮನ ಮನೆಯವರು ಪಕ್ಕದ ಬೀದಿಯಲ್ಲಿದ್ದರೆ 'ನೀವು ಇನ್ನೂ ಯಾಕಿದ್ದೀರಿ' ಅಂತ ಕೇಳ್ತೀರಾ? ಅತಿ ಹತ್ತಿರದ ದಾಯಾದಿ ಚಿಂಪಾಂಜಿ ಮತ್ತು ಬೊನೊಬೊ. ಚಿಂಪಾಂಜಿಗೂ ಗೊರಿಲ್ಲಾಗಿಂತ ನಾವೇ ಹತ್ತಿರ.

ನಾವು ಮತ್ತು ಚಿಂಪಾಂಜಿ ಪಾಲಾದದ್ದು ಯಾವಾಗ ಅನ್ನೋದಕ್ಕೆ ದೊಡ್ಡ ಜಗಳವೇ ನಡೆಯಿತು. ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ಒಂದು ದವಡೆಯ ತುಂಡಿಗೆ 'ರಾಮಾಪಿತೆಕಸ್' ಅಂತ ಹೆಸರಿಟ್ಟು, ಇದೇ ಮನುಷ್ಯರ ಪೂರ್ವಜ, ಒಂದು ಕೋಟಿ ವರ್ಷಕ್ಕೂ ಹಿಂದೆಯೇ ನಾವು ಬೇರೆಯಾದೆವು ಅಂತ ನಂಬಿದ್ದರು. 1967ರಲ್ಲಿ ಸಾರಿಚ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ರಕ್ತದ ಪ್ರೋಟೀನ್ ಹೋಲಿಸಿ, ಸುಮಾರು 50 ಲಕ್ಷ ವರ್ಷ ಅಷ್ಟೇ ಅಂದರು. ಮೂಳೆ ಪಂಡಿತರು ಒಪ್ಪಲಿಲ್ಲ. ಕೊನೆಗೆ ಪಾಕಿಸ್ತಾನದಲ್ಲಿ ಅದೇ ಬಳಗದ ಪ್ರಾಣಿಯ ಮುಖದ ಮೂಳೆ ಸಿಕ್ಕಾಗ ಅದು ಒರಾಂಗುಟಾನ್ ಕಡೆಯದ್ದು ಅನ್ನೋದು ಕಂಡಿತು. ಈಗಿನ ಲೆಕ್ಕ ಸುಮಾರು 60ರಿಂದ 70 ಲಕ್ಷ ವರ್ಷ.