ಕನ್ನಡ ಮಾಧ್ಯಮದಿಂದ ಬಂದು ಕ್ಲಾಟ್ ಬರೆಯುವಾಗ ಮಾಕ್ ಅಂಕ 47ರಲ್ಲೇ ನಿಂತರೆ ಏನು ಮಾಡಬೇಕು?

ಪ್ರಶ್ನೆ: "ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ದ್ವಿತೀಯ ಪಿಯುಸಿ ಕಲಾ ವಿಭಾಗ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ (ಎನ್‌ಎಲ್‌ಯು) ಪ್ರವೇಶ ಪರೀಕ್ಷೆಯಾದ ಡಿಸೆಂಬರಿನ ಕ್ಲಾಟ್‌ಗೆ ಓದುತ್ತಿದ್ದೇನೆ. ಮಾಕ್ ಟೆಸ್ಟಿನಲ್ಲಿ (ಅಣಕು ಪರೀಕ್ಷೆ) 120ರಲ್ಲಿ 112 ಪ್ರಶ್ನೆ ಮಾಡಿದರೆ 60 ಸರಿ, ತಪ್ಪಿಗೆ ನೆಗೆಟಿವ್ ಅಂಕ ಕಳೆದು 47. ಎಷ್ಟು ಓದಿದರೂ ಅಲ್ಲೇ ನಿಂತಿದೆ. ಕೋಚಿಂಗ್‌ಗೆ ದುಡ್ಡಿಲ್ಲ. ನನ್ನ ಇಂಗ್ಲಿಷೇ ಸರಿಯಿಲ್ಲವಾ? ಬಿಟ್ಟುಬಿಡಲಾ?"

ಬಿಡಬೇಡಿ. ಓದುವ ರೀತಿಯನ್ನು ಮಾತ್ರ ಇವತ್ತೇ ಬದಲಾಯಿಸಿ.

ನಾನೂ ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಕನ್ನಡ ಶಾಲೆಯವನೇ. ಕ್ಲಾಟ್ ಬರೆದು, ಪಟ್ಟಿಯಲ್ಲಿ ಮೇಲೂ ಅಲ್ಲದ ಕೆಳಗೂ ಅಲ್ಲದ ಒಂದು ಎನ್‌ಎಲ್‌ಯುಗೆ ಸೇರಿದೆ. ರಜೆಗೆ ಊರಿಗೆ ಬಂದಾಗಲೆಲ್ಲ ಈ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರ ಮಾಕ್ ಹಾಳೆ ನೋಡುತ್ತಾ ಬಂದಿದ್ದೇನೆ. ನೀವು ಕೊಟ್ಟ ಅಂಕಿಯಲ್ಲಿ ನನಗೆ ಹೊಸದೇನೂ ಕಾಣಲಿಲ್ಲ, ಕನ್ನಡ ಮಾಧ್ಯಮದವರ ಹಾಳೆ ಬಹುಪಾಲು ಹೀಗೇ ಇರುತ್ತದೆ. ಪ್ರಶ್ನೆ ಮುಟ್ಟುವುದು ಜಾಸ್ತಿ, ಅದರಲ್ಲಿ ಅರ್ಧ ಮಾತ್ರ ಸರಿ. ಏನೂ ಗೊತ್ತಿಲ್ಲದವರಿಗೆ 60 ಸರಿ ಬರುವುದಿಲ್ಲ. ಇಂಗ್ಲಿಷ್ ನಿಮಗಿದೆ. ಓದುವ ವೇಗ ಸಾಲದು, ಎರಡು ಗಂಟೆ ಒಂದೇ ಸಮ ಓದುವ ದಮ್ಮು ಸಾಲದು. ಇವೆರಡೂ ವ್ಯಾಕರಣ ಪುಸ್ತಕದಿಂದ ಬರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 2024ರ ಕ್ಲಾಟ್‌ನಿಂದ ಪತ್ರಿಕೆ 120 ಪ್ರಶ್ನೆ, 120 ನಿಮಿಷ. ಬಿಡಿ ಪ್ರಶ್ನೆ ಅಂತ ಇಲ್ಲ, ಎಲ್ಲವೂ ಒಂದೊಂದು ಪ್ಯಾಸೇಜಿನ, ಅಂದರೆ ಕೊಟ್ಟ ಗದ್ಯಭಾಗದ ಕೆಳಗೆ. ಗಣಿತ ಬಿಟ್ಟರೆ ಸುಮಾರು 450 ಪದಗಳ ಪ್ಯಾಸೇಜ್‌ಗಳು ಹತ್ತಿರಹತ್ತಿರ 20 ಬರುತ್ತವೆ. ಒಂದಕ್ಕೆ ನೀವು 3 ನಿಮಿಷ ತೆಗೆದುಕೊಂಡರೆ ಬರೀ ಪ್ಯಾಸೇಜ್ ಓದಲಿಕ್ಕೇ 60 ನಿಮಿಷ ಹೋಯಿತು. ಓಎಂಆರ್ ಹಾಳೆಯಲ್ಲಿ ಉತ್ತರ ಗುರುತಿಸುವ ಒಂದು ಗುಂಡಿ (ವೃತ್ತ) ತುಂಬಲು 5 ಸೆಕೆಂಡ್ ಹಿಡಿದರೂ 10 ನಿಮಿಷ. ಉಳಿದ 50 ನಿಮಿಷದಲ್ಲಿ 120 ಪ್ರಶ್ನೆ, ಅಂದರೆ ಪ್ರಶ್ನೆಗೆ 25 ಸೆಕೆಂಡ್. ಅಷ್ಟರಲ್ಲಿ ಪ್ರಶ್ನೆ, ನಾಲ್ಕು ಆಯ್ಕೆ, ಮತ್ತೆ ಪ್ಯಾಸೇಜಿಗೆ ಹೋಗಿ ಖಾತ್ರಿ ಮಾಡಿಕೊಳ್ಳುವುದು ಎಲ್ಲ ಆಗಬೇಕು. ಆಗುವುದಿಲ್ಲ. ಹಾಗಾಗಿ ಕೊನೆಯ ಅರ್ಧ ಗಂಟೆ ನೀವು ಓದುತ್ತಿಲ್ಲ, ಗುಂಡಿ ತುಂಬುತ್ತಿದ್ದೀರಿ ಅಷ್ಟೆ. ಅದೇ ಪ್ಯಾಸೇಜನ್ನು 2 ನಿಮಿಷಕ್ಕೆ ಇಳಿಸಿದರೆ ಪ್ರಶ್ನೆಗೆ 35 ಸೆಕೆಂಡ್ ಸಿಗುತ್ತದೆ. ಆ ಹತ್ತು ಸೆಕೆಂಡೇ ರ‍್ಯಾಂಕ್. ಇವತ್ತೇ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ಒಂದು ಪ್ಯಾಸೇಜ್ ಓದಿ ನೋಡಿ, ನಿಮ್ಮ ಕಾಯಿಲೆ ಎಷ್ಟು ನಿಮಿಷದ್ದು ಅಂತ ಗೊತ್ತಾಗುತ್ತದೆ.

ವೇಗ ಹೆಚ್ಚಿಸಲು "ಇಂಗ್ಲಿಷಿನಲ್ಲೇ ಯೋಚನೆ ಮಾಡು" ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಸಲಹೆ ಕಂಡರೆ ಆಗುವುದಿಲ್ಲ. ಹದಿನೇಳು ವರ್ಷ ಕನ್ನಡದಲ್ಲಿ ಯೋಚಿಸಿದ ತಲೆ ಅಪ್ಪಣೆ ಕೊಟ್ಟ ಕೂಡಲೇ ತಿರುಗುವುದಿಲ್ಲ, ತಿರುಗಬೇಕಾಗಿಯೂ ಇಲ್ಲ. ನಾನು ಹೇಳಿಕೊಡುವುದು ಇದು. ರಾತ್ರಿ ಪ್ರಜಾವಾಣಿಯಲ್ಲಿ ಒಂದು ಸಂಪಾದಕೀಯವನ್ನೋ ಸುಪ್ರೀಂ ಕೋರ್ಟ್ ತೀರ್ಪಿನ ವರದಿಯನ್ನೋ ಓದಿ. ಬೆಳಿಗ್ಗೆ ಅದೇ ವಿಷಯವನ್ನು ಡೆಕ್ಕನ್ ಹೆರಾಲ್ಡ್‌ನಲ್ಲಿ ಓದಿ. ಎರಡೂ ಒಂದೇ ಮನೆಯ ಪತ್ರಿಕೆಗಳು, ಎರಡೂ ಶುರುವಾಗಿದ್ದು 1948ರಲ್ಲಿ, ತಾಲ್ಲೂಕು ಗ್ರಂಥಾಲಯದಲ್ಲಿ ಎರಡೂ ಸಿಗುತ್ತವೆ. ಯಾರು, ಏನು, ಯಾಕೆ ಅನ್ನುವುದು ಮೊದಲೇ ಗೊತ್ತಿದ್ದರೆ ಇಂಗ್ಲಿಷ್ ವಾಕ್ಯದಲ್ಲಿ ಕಣ್ಣು ಹಿಂದಕ್ಕೆ ಓಡುವುದಿಲ್ಲ. ನಮ್ಮ ಸಮಯ ತಿನ್ನುವುದೇ ಈ ಹಿಂದಕ್ಕೆ ಓಡುವ ಚಾಳಿ: ಒಂದು ಸಾಲು ಓದಿ, ಮನಸ್ಸಿನಲ್ಲಿ ಅನುವಾದ ಮಾಡಿ, ಅನುಮಾನ ಬಂದು ಮತ್ತೆ ಅದೇ ಸಾಲಿಗೆ ಬರುವುದು. ಕೆಲವು ವಾರ ಆದ ಮೇಲೆ ಕ್ರಮ ತಿರುಗಿಸಿ: ಇಂಗ್ಲಿಷ್ ಮೊದಲು, ಪ್ರಜಾವಾಣಿ ಸರಿ ನೋಡಿಕೊಳ್ಳಲು ಮಾತ್ರ. ಓದಿದ ಮೇಲೆ "ಲೇಖಕ ಏನು ಹೇಳುತ್ತಿದ್ದಾನೆ, ಯಾಕೆ" ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆಯಿಲ್ಲ. ಲಾಜಿಕಲ್ ರೀಸನಿಂಗ್‌ನಲ್ಲಿ ಮುಖ್ಯವಾಗಿ ಕೇಳುವುದು ಅದನ್ನೇ, ಲೇಖಕನ ವಾದ ಯಾವುದು, ಯಾವ ಊಹೆಯ ಮೇಲೆ ನಿಂತಿದೆ, ಯಾವುದು ಅದನ್ನು ದುರ್ಬಲ ಮಾಡುತ್ತದೆ ಅಂತ.

ಇನ್ನು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವ ಆ ದಪ್ಪ ಗೈಡ್. ನಿಮ್ಮ ಮೇಜಿನ ಮೇಲೂ ಒಂದು ಇದ್ದೇ ಇರುತ್ತದೆ ಅಂದುಕೊಂಡಿದ್ದೇನೆ. 2019ರವರೆಗೆ ಕ್ಲಾಟ್ 200 ಪ್ರಶ್ನೆಗಳ ಪತ್ರಿಕೆ, ಆಗ ಅದು ಉಪಯೋಗಕ್ಕೆ ಬರುತ್ತಿತ್ತು. 2020ರಲ್ಲಿ ಮಾದರಿಯೇ ಬದಲಾಯಿತು. ಲ್ಯಾಟಿನ್ ಸೂತ್ರಗಳ ಪಟ್ಟಿ, ದೇಶ-ರಾಜಧಾನಿ-ನಾಣ್ಯದ ಪಟ್ಟಿ ಬಾಯಿಪಾಠ ಮಾಡಿದ್ದರೆ ಕೆಪಿಎಸ್‌ಸಿ ಬರೆಯುವ ಅಣ್ಣನಿಗೆ ಕೊಡಿ. ಕ್ಲಾಟ್ ನಡೆಸುವ ಎನ್‌ಎಲ್‌ಯುಗಳ ಒಕ್ಕೂಟವಾದ ಕಾನ್ಸಾರ್ಷಿಯಂನ ವೆಬ್‌ಸೈಟಿನಲ್ಲಿ 2020ರಿಂದೀಚಿನ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಯಾರೋ ಖಾಸಗಿಯವರು ತಯಾರಿಸಿದ ಮಾಕ್‌ಗಿಂತ ಅವೇ ವಾಸಿ.

ಲೀಗಲ್ ರೀಸನಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. 28ರಿಂದ 32 ಪ್ರಶ್ನೆ ಇಲ್ಲಿಂದಲೇ ಬರುತ್ತವೆ, ನಮ್ಮವರು ಅಂಕ ಕಳೆದುಕೊಳ್ಳುವ ಬಗೆಯೂ ಇಲ್ಲಿ ಬೇರೆ. ಪ್ಯಾಸೇಜಿನಲ್ಲಿ ಹೀಗಿದೆ ಅಂದುಕೊಳ್ಳಿ: 18 ತುಂಬದವರ ಜೊತೆ ಮಾಡಿಕೊಂಡ ಒಪ್ಪಂದ ಮೊದಲಿನಿಂದಲೇ ಅಸಿಂಧು, ವಯಸ್ಸಿನ ಬಗ್ಗೆ ಅವರು ಸುಳ್ಳು ಹೇಳಿದ್ದರೂ ಆ ಒಪ್ಪಂದದ ಮೇಲೆ ಅವರಿಂದ ಸಾಲ ವಸೂಲಿ ಮಾಡುವಂತಿಲ್ಲ. ಕೆಳಗಿನ ಪ್ರಶ್ನೆ: 17 ವರ್ಷದ ಹುಡುಗ ತನಗೆ 19 ಅಂತ ಹೇಳಿ ಅಂಗಡಿಯವನಿಂದ 50,000 ರೂಪಾಯಿ ಸಾಲ ಪಡೆದು, ಬೈಕಿಗೆ ಸುರಿದು, ಈಗ ಕೊಡುವುದಿಲ್ಲ ಅನ್ನುತ್ತಾನೆ. ಅಂಗಡಿಯವನು ಆ ಕರಾರಿನ ಮೇಲೆ ದಾವೆ ಹೂಡಿದರೆ ಹಣ ಸಿಗುತ್ತದಾ?

ಹೊಸದಾಗಿ ಬಂದವರಲ್ಲಿ ಹತ್ತಕ್ಕೆ ಏಳು ಮಂದಿ "ಮೋಸ ಮಾಡಿದ್ದಾನೆ, ಕೊಡಲೇಬೇಕು" ಅನ್ನುವ ಆಯ್ಕೆಗೆ ಗುಂಡಿ ತುಂಬುತ್ತಾರೆ. ಉಳಿದವರಲ್ಲಿ ಒಬ್ಬರಿಬ್ಬರು "ಅಪ್ಪ ಕೊಡಬೇಕು" ಅನ್ನುತ್ತಾರೆ. ಅರಳಿಕಟ್ಟೆಯ ಪಂಚಾಯ್ತಿಯಲ್ಲಿ ಕೂತವರಂತೆ ಎರಡೂ ಕಡೆ ತೂಗಿ ತೀರ್ಪು ಕೊಡಲು ಹೊರಡುತ್ತೇವೆ. ಇಲ್ಲಿ ನಿಮ್ಮ ನ್ಯಾಯ ಯಾರಿಗೂ ಬೇಕಿಲ್ಲ, ಪ್ಯಾಸೇಜಿನ ನಿಯಮ ಹಚ್ಚಿದರೆ ಸಾಕು. ಒಪ್ಪಂದ ಅಸಿಂಧು, ದಾವೆ ನಿಲ್ಲುವುದಿಲ್ಲ, ಮುಂದಿನ ಪ್ರಶ್ನೆ. ಈ ನಿಯಮ ಭಾರತದಲ್ಲಿ ಗಟ್ಟಿಯಾಗಿದ್ದು 1903ರಲ್ಲಿ, ಮೊಹೊರಿ ಬೀಬಿ ಮತ್ತು ಧರ್ಮದಾಸ್ ಘೋಷ್ ಪ್ರಕರಣದ ಪ್ರಿವಿ ಕೌನ್ಸಿಲ್ ತೀರ್ಪಿನಿಂದ. ಕಾಲೇಜಿಗೆ ಸೇರಿದ ಮೇಲೆ ಕಾಂಟ್ರಾಕ್ಟ್ ತರಗತಿಯಲ್ಲಿ ಆ ಹೆಸರು ಸಾಕುಸಾಕಾಗುವಷ್ಟು ಕೇಳುತ್ತೀರಿ, ಈಗ ಬೇಡ.

ಸ್ವಲ್ಪ ಕಾನೂನು ಓದಿಕೊಂಡವರಿಗೆ ಇನ್ನೊಂದು ಗುಂಡಿ ತೋಡಿಟ್ಟಿರುತ್ತಾರೆ. ಅಪ್ರಾಪ್ತನಿಗೆ ಬದುಕಿಗೆ ಅಗತ್ಯವಾದ ವಸ್ತು ಒದಗಿಸಿದ್ದರೆ ಅದರ ಬೆಲೆಯನ್ನು ಅವನ ಆಸ್ತಿಯಿಂದ ಪಡೆಯಬಹುದು ಅಂತ 1872ರ ಕಾಂಟ್ರಾಕ್ಟ್ ಕಾಯ್ದೆಯ 68ನೇ ಸೆಕ್ಷನ್ ಹೇಳುತ್ತದೆ. ಪ್ಯಾಸೇಜಿನಲ್ಲಿ ಈ ಸಾಲು ಇದ್ದು, ಪ್ರಶ್ನೆಯಲ್ಲಿ ಬೈಕಿನ ಬದಲು ಅಕ್ಕಿ ಇದ್ದರೆ ಉತ್ತರ ಬದಲಾಗುತ್ತದೆ: ಅಂಗಡಿಯವನಿಗೆ ಹಣ ಸಿಗುತ್ತದೆ, ಆದರೆ ಹುಡುಗನ ಆಸ್ತಿಯಿಂದ ಮಾತ್ರ, ಅವನ ಮೈಮೇಲಿನ ಹೊಣೆಯಾಗಿ ಅಲ್ಲ. ಆಯ್ಕೆಗಳಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟಿರುತ್ತಾರೆ. ಪ್ಯಾಸೇಜಿನಲ್ಲಿ ಆ ಸಾಲು ಇಲ್ಲದಿದ್ದರೆ? ನಿಮಗೆ ಸೆಕ್ಷನ್ ನಂಬರ್ ಬಾಯಿಗೆ ಬಂದರೂ ಅದು ಇಲ್ಲ ಅಂತಲೇ ಲೆಕ್ಕ. ಹಾಗಾಗಿ ಲೀಗಲ್ ಪ್ಯಾಸೇಜ್ ಓದುವಾಗ ನಿಯಮದ ಕೆಳಗೆ ಒಂದು ಗೆರೆ, ವಿನಾಯಿತಿಯ ಕೆಳಗೆ ಎರಡು ಗೆರೆ ಹಾಕಿ. ಅನ್‌ಲೆಸ್, ಎಕ್ಸೆಪ್ಟ್, ಪ್ರೊವೈಡೆಡ್ ದಟ್ ಅಂತ ಬಂದಲ್ಲಿ ಪೆನ್ ನಿಲ್ಲಬೇಕು. ದೊಡ್ಡ ದೊಡ್ಡ ಪದಗಳಿಗೆ ಹೆದರಬೇಡಿ, ಅರ್ಥ ಅಕ್ಕಪಕ್ಕದ ಸಾಲಿನಲ್ಲಿ ಸಿಕ್ಕಿಬಿಡುತ್ತದೆ.

ಕರೆಂಟ್ ಅಫೇರ್ಸ್‌ನಲ್ಲಿ ಪ್ಯಾಸೇಜ್ ಬಹುಪಾಲು ನೆಪ. ಪ್ರಶ್ನೆಗಳ ಉತ್ತರ ಹೆಚ್ಚಾಗಿ ಅದರೊಳಗೆ ಇರುವುದಿಲ್ಲ, ಆ ವಿಷಯದ ಸುತ್ತಮುತ್ತ ನಿಮಗೆ ಏನು ಗೊತ್ತು ಅಂತ ನೋಡುತ್ತಾರೆ. ಅದಕ್ಕೇ ಇಲ್ಲಿ ಮೊದಲು ಪ್ರಶ್ನೆ ಓದಿ, ಬೇಕೆನಿಸಿದರೆ ಮಾತ್ರ ಪ್ಯಾಸೇಜಿಗೆ ಹೋಗಿ. ಐದಾರು ಪ್ಯಾಸೇಜ್ ಪೂರ್ತಿ ಓದುವುದು ತಪ್ಪಿದರೆ ನಿಮ್ಮ ವೇಗದಲ್ಲಿ ಹದಿನೈದು ನಿಮಿಷ ಉಳಿಯಿತು. ಗಣಿತ 10ರಿಂದ 14 ಪ್ರಶ್ನೆ. ಶೇಕಡಾ, ಅನುಪಾತ, ಸರಾಸರಿ, ಎಲ್ಲ ಹತ್ತನೇ ತರಗತಿಯ ಮಟ್ಟ. ಕಲಾ ವಿಭಾಗದವರು ಇದನ್ನು ಮುಟ್ಟುವುದೇ ಇಲ್ಲ, ಯಾಕೋ ಗೊತ್ತಿಲ್ಲ. ಇಂಗ್ಲಿಷ್ ನಿಮ್ಮನ್ನು ಅತಿ ಕಡಿಮೆ ಕಾಡುವ ಭಾಗ ಇದೊಂದೇ.

ಈಗ ನಿಮ್ಮ 52 ತಪ್ಪುಗಳಿಗೆ ಬರೋಣ. ನೆಗೆಟಿವ್ ಮಾರ್ಕಿಂಗ್ ನಿಮ್ಮಿಂದ ಕಿತ್ತುಕೊಂಡಿದ್ದು 13 ಅಂಕ, ಎಲ್ಲರೂ ಅದನ್ನೇ ಹಿಡಿದು ಅಳುತ್ತಾರೆ. ಗೊತ್ತಿಲ್ಲದ್ದನ್ನು ಬಿಟ್ಟುಬಿಡು ಅನ್ನುವ ಸಲಹೆಯೂ ಅದರಿಂದಲೇ ಬಂದಿದ್ದು. ಆದರೆ ತಪ್ಪಿಗೆ ಹೋಗುವುದು ಕಾಲು ಅಂಕ ಮಾತ್ರ. ನಾಲ್ಕರಲ್ಲಿ ಎರಡು ಆಯ್ಕೆ ತೆಗೆದುಹಾಕಿದ್ದರೆ ಊಹಿಸುವುದು ಲಾಭವೇ: ಅಂಥ ಎಂಟು ಪ್ರಶ್ನೆಯಲ್ಲಿ ನಾಲ್ಕು ಸರಿಯಾದರೆ 4 ಬಂತು, 1 ಹೋಯಿತು, 3 ಉಳಿಯಿತು. ನಿಮಗೆ ಪೆಟ್ಟು ಬೀಳುತ್ತಿರುವುದು ಓದದೇ ಊಹಿಸುವುದರಿಂದ. ಆದ್ದರಿಂದ ಮಾಕ್ ಮುಗಿದ ಮೇಲೆ ಪ್ರತಿ ತಪ್ಪಿನ ಪಕ್ಕ ಒಂದು ಅಕ್ಷರ ಬರೆಯಿರಿ. ಪ್ಯಾಸೇಜ್ ಪೂರ್ತಿ ಓದಿರಲಿಲ್ಲ ಅಂದರೆ ಓ. ಓದಿದೆ, ಅರ್ಥ ತಪ್ಪಾಯಿತು ಅಂದರೆ ಅ. ಎರಡರ ನಡುವೆ ಸಿಕ್ಕಿಕೊಂಡು ತಪ್ಪಿದ್ದು ಎ. ಸಾಮಾನ್ಯ ಜ್ಞಾನ ಗೊತ್ತಿರಲಿಲ್ಲ ಅಂದರೆ ಗೊ. ಓ ಜಾಸ್ತಿ ಇದ್ದರೆ ಇನ್ನಷ್ಟು ಮಾಕ್ ಬರೆದು ಪ್ರಯೋಜನವಿಲ್ಲ, ವಾರಕ್ಕೆ ಒಂದೇ ಸಾಕು, ಉಳಿದ ಹೊತ್ತು ಓದಿ. ಎ ಜಾಸ್ತಿ ಇದ್ದರೆ ನೀವು ಗೆಲುವಿನ ಹತ್ತಿರ ಇದ್ದೀರಿ. ಅಂಥ ಪ್ರಶ್ನೆಗಳನ್ನು ಮಾರನೇ ದಿನ ಗಡಿಯಾರವಿಲ್ಲದೆ ಬಿಡಿಸಿ, ತಪ್ಪು ಆಯ್ಕೆ ಯಾಕೆ ತಪ್ಪು ಅಂತ ಬರೆದು ನೋಡಿ. ಮಾಕ್ ಅನ್ನು ಮಧ್ಯಾಹ್ನ 2ರಿಂದ 4ಕ್ಕೇ ಬರೆಯಿರಿ. ನಿಜವಾದ ಪರೀಕ್ಷೆ ನಡೆಯುವುದು ಆ ಹೊತ್ತಿನಲ್ಲೇ, ಮುದ್ದೆ ಉಂಡು ಕಣ್ಣು ಎಳೆಯುವ ಹೊತ್ತು. ಗುಂಡಿಯನ್ನೂ ಬಾಲ್‌ಪೆನ್ನಿನಲ್ಲೇ, ಒಂದೊಂದು ಪ್ಯಾಸೇಜ್ ಮುಗಿದ ಹಾಗೆ ತುಂಬಿ. ಕೊನೆಗೆ ಒಟ್ಟಿಗೆ ತುಂಬಲು ಹೋಗಿ ಒಂದು ಸಾಲು ಜಾರಿದರೆ ಕೆಳಗಿನದೆಲ್ಲ ಹೋಯಿತು.

ಕೋಚಿಂಗ್ ಇಲ್ಲ ಅನ್ನುವ ಕೊರಗು ಅರ್ಧದಷ್ಟು ಬಿಡಬಹುದು. ಮನೆಯ ಪರಿಸ್ಥಿತಿ ನಿಜಕ್ಕೂ ಕಷ್ಟವಿದ್ದರೆ ಐಡಿಯಾ (IDIA) ಅನ್ನುವ ಸಂಸ್ಥೆಗೆ ಬರೆಯಿರಿ. 2010ರಲ್ಲಿ ಪ್ರೊ. ಶಮ್ನಾದ್ ಬಶೀರ್ ಶುರುಮಾಡಿದ್ದು, ಬಡ ಮತ್ತು ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಆಯ್ದು ಕ್ಲಾಟ್‌ಗೆ ತಯಾರು ಮಾಡುತ್ತಾರೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದ ಅವರು 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಕಡೆ ತೀರಿಕೊಂಡರು. ಅವರು ಕಟ್ಟಿದ್ದು ನಡೆಯುತ್ತಿದೆ. ಪರೀಕ್ಷೆ ಪ್ರಾದೇಶಿಕ ಭಾಷೆಗಳಲ್ಲೂ ಆಗಬೇಕು ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿಯೇನೋ ಹೋಗಿತ್ತು. ಆಗಬೇಕು ಅಂತಲೇ ನನ್ನ ಅಭಿಪ್ರಾಯ, ಆದರೆ ನೀವು ಬರೆಯುವ ಪತ್ರಿಕೆ ಇಂಗ್ಲಿಷಿನದ್ದೇ ಅಂದುಕೊಂಡು ಓದಿ.

ಬಿಟ್ಟುಬಿಡಲಾ ಅಂತ ಕೇಳಿದಿರಲ್ಲ, ಅದಕ್ಕೆ ಒಂದು ಷರತ್ತು ಹಾಕುತ್ತೇನೆ. ಈ ಒಂದು ಪರೀಕ್ಷೆಗಾಗಿ ಮನೆಯಲ್ಲಿ ಕೂತು ವರ್ಷದ ಮೇಲೆ ವರ್ಷ ಡ್ರಾಪ್ ಮಾಡಬೇಡಿ. ಎನ್‌ಎಲ್‌ಯುಗಳಲ್ಲಿ ಹಾಸ್ಟೆಲ್ ಸೇರಿ ಖರ್ಚು ವರ್ಷಕ್ಕೆ ಲಕ್ಷಗಳಲ್ಲಿದೆ. ಸಾಲವೋ ವಿದ್ಯಾರ್ಥಿವೇತನವೋ ಅನ್ನುವ ಮಾತನ್ನು ಫಲಿತಾಂಶ ಬರುವ ಮುಂಚೆಯೇ ಅಪ್ಪ ಅಮ್ಮನ ಜೊತೆ ಆಡಿ ಮುಗಿಸಿ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೇ ಐದು ವರ್ಷದ ಕೋರ್ಸಿಗೆ ಸೇರಬಹುದು, ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಕೆಳ ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹಿಡಿದು ನಿಲ್ಲಿಸುವವರು ನಾನು ನೋಡಿದ ಮಟ್ಟಿಗೆ ಬಹುತೇಕ ಅಲ್ಲಿ ಓದಿದವರೇ.

ಕೊನೆಯದಾಗಿ ಅರ್ಜಿಯ ವಿಚಾರ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸಮತಲ ಮೀಸಲಾತಿ (ಸಾಮಾನ್ಯ, ಎಸ್‌ಸಿ, ಎಸ್‌ಟಿ ಹೀಗೆ ಪ್ರತಿ ವರ್ಗದ ಒಳಗೂ ಸಿಗುವ ಪಾಲು) ಇದೆ, ಇಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಒಂದನೇ ತರಗತಿಯಿಂದ ಇಲ್ಲೇ ಓದಿದ ನಿಮಗೆ ಅದು ಅನ್ವಯಿಸುತ್ತದೆ, ಅರ್ಜಿಯಲ್ಲಿ ಆ ಕಲಂ ಗುರುತು ಮಾಡುವುದನ್ನು ಮರೆಯಬೇಡಿ. ವ್ಯಾಸಂಗ ಪ್ರಮಾಣಪತ್ರವನ್ನು ಓದಿದ ಶಾಲೆಗಳಿಂದ ಈಗಲೇ ತೆಗೆಸಿ ಬಿಇಒ ಕಚೇರಿಯ ಸಹಿ ಹಾಕಿಸಿಡಿ. ದಸರಾ ರಜೆ ಶುರುವಾದರೆ ಹೆಡ್‌ಮಾಸ್ಟರೂ ಸಿಗುವುದಿಲ್ಲ, ಸೀಲೂ ಸಿಗುವುದಿಲ್ಲ.