ಲಾಗಿನ್ ಆಗದೆ ಎರಡು ಸಲ ಪರೀಕ್ಷೆ

ಪರೀಕ್ಷೆಯಲ್ಲಿ ಫೇಲ್ ಆಗಿ ತಮಗೆ ತಲೆಯೇ ಇಲ್ಲ ಅಂದುಕೊಂಡವರು ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆಕೆ ಲೆಕ್ಕಪತ್ರ ನೋಡುತ್ತಿದ್ದವರು. ಕೆಲವು ವರ್ಷ ಕೆಲಸ ಬಿಟ್ಟು, ಈಗ ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ) ಕಡೆ ಹೊರಟಿದ್ದರು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್. 1000ಕ್ಕೆ 700 ಬೇಕು, ಎರಡನೇ ಸಲ 682 ಬಂದಿತ್ತು. "ಇದು ಬೇಸಿಕ್ ಅಂತೆ. ಬೇಸಿಕ್ಕೇ ಬರಲ್ಲ ಅಂದ್ರೆ ನನಗೆ ತಲೆ ಇಲ್ಲ, ಅಲ್ವಾ?"

ಮೊದಲೆರಡು ಭೇಟಿ ನಾನು ಸಮಾಧಾನ ಹೇಳಿಯೇ ಕಳೆದೆ. 14 ದಿನ ಬಿಟ್ಟು ಮತ್ತೆ ಬರೆಯಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ. ಇದೆಲ್ಲ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೂರನೇ ಸಲ, ಹೇಗೆ ಓದುತ್ತೀರಿ ತೋರಿಸಿ ಅಂದೆ. ದಪ್ಪ ನೋಟ್‌ಬುಕ್ ತೆಗೆದರು. ಎಲ್ಲಿಂದಲೋ ಇಳಿಸಿಕೊಂಡ ಡಂಪ್, ಅಂದರೆ ಪರೀಕ್ಷೆಯಿಂದ ಸೋರಿದ ಪ್ರಶ್ನೆಗಳು, ಉತ್ತರಕ್ಕೆ ಹಸಿರು ಇಂಕು. ಒಂದರ ಮೇಲೆ ಬೆರಳಿಟ್ಟೆ. ಎಸ್3 ಬಕೆಟ್‌ನಲ್ಲಿ (ಎಡಬ್ಲ್ಯೂಎಸ್‌ನಲ್ಲಿ ಫೈಲ್ ತುಂಬಿಡುವ ಡಬ್ಬಿ) ಇಟ್ಟ ಫೈಲ್ ಯಾರಿಗೆ ಕಾಣಬೇಕು ಅನ್ನೋದು ಯಾರ ಹೊಣೆ?

"ಗ್ರಾಹಕರದ್ದು. ಆಪ್ಷನ್ ಬಿ."

"ಯಾಕೆ?"

ಸುಮ್ಮನಾದರು.

"ಒಂದಾದರೂ ಬಕೆಟ್ ಮಾಡಿ ನೋಡಿದ್ದೀರಾ?"

"ಅಯ್ಯೋ, ಲಾಗಿನ್ನೇ ಆಗಿಲ್ಲ. ಬಿಲ್ ಬಂದ್ರೆ?"

ಲೆಕ್ಕ ನೋಡುವವರು ಬಿಲ್ಲಿಗೆ ಹೆದರೋದೇ ಅಂತ ನಗು ಬಂತು. ಆಮೇಲೆ ಅನಿಸಿತು, ಅವರಲ್ಲದೆ ಇನ್ಯಾರು ಹೆದರಬೇಕು!

ಅಲ್ಲೇ ಲ್ಯಾಪ್‌ಟಾಪ್ ತೆಗೆಸಿದೆ. ನಾನೂ ಈ ಪರೀಕ್ಷೆ ಕಟ್ಟಿದವನು, ಅಷ್ಟಿಷ್ಟು ಗೊತ್ತು. ಖಾತೆ ತೆರೆದು, ಅದರ ಮುಖ್ಯ ಲಾಗಿನ್ ಆದ ರೂಟ್ ಯೂಸರ್‌ಗೆ ಎಂಎಫ್‌ಎ, ಅಂದರೆ ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತಿನ ತಪಾಸಣೆ, ಹಾಕಿಸಿದೆ. ಖರ್ಚು ಶುರುವಾದರೆ ಇಮೇಲ್ ಬರುವ ಬಜೆಟ್ ಅಲರ್ಟ್ ಇಡಿಸಿದೆ. ಅದು ಬರೀ ಗಂಟೆ, ಅದೂ ತಡವಾಗಿ ಹೊಡೆಯುತ್ತೆ, ಖರ್ಚು ನಿಲ್ಲಿಸಲ್ಲ ಅಂತಲೂ ಹೇಳಿದೆ. ನಂತರ ಒಂದು ಬಕೆಟ್, ಅದರೊಳಗೆ ಒಂದು ಫೋಟೋ. ಅದರ ಲಿಂಕನ್ನು ಬೇರೆ ಟ್ಯಾಬ್‌ನಲ್ಲಿ ತೆರೆದರು.

'ಆಕ್ಸೆಸ್ ಡಿನೈಡ್'.

"ನೋಡಿ, ಇಲ್ಲೂ ಫೇಲ್," ಅಂದರು.

ಹೊಸ ಬಕೆಟ್‌ಗಳು ಹೊರಗಿನವರಿಗೆ ಮುಚ್ಚಿಕೊಂಡೇ ಹುಟ್ಟುತ್ತವೆ, ಬೀಗ ತೆಗೆಯಬೇಕಾದ್ದು ನೀವು ಅಂದೆ. ಸ್ವಲ್ಪ ಹೊತ್ತು ಪರದೆ ನೋಡಿದರು. ಆಮೇಲೆ ನೋಟ್‌ಬುಕ್ ಎಳೆದುಕೊಂಡು ಹಸಿರು ಇಂಕಿನ 'ಬಿ' ಪಕ್ಕ ಬರೆದರು: 'ಬೀಗದ ಕೈ ನನ್ನ ಹತ್ರ.'

ಡಂಪ್ ಬಿಟ್ಟುಬಿಡಿ ಅಂದೆ. ಸೋರಿದ ಪ್ರಶ್ನೆ ಓದೋದು ಪರೀಕ್ಷೆಯ ನಿಯಮಕ್ಕೂ ವಿರುದ್ಧ. ಎಡಬ್ಲ್ಯೂಎಸ್‌ನ ದಿನಕ್ಕೊಂದು ಸೇವೆ ಬಳಸಿ, ನೋಡಿ, ಅಳಿಸಿ. ಒಂದೂವರೆ ತಿಂಗಳು ಪರೀಕ್ಷೆ ಬುಕ್ ಮಾಡಬೇಡಿ. ಈ ಒಂದು ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡಲ್ಲ ಅಂತಲೂ ಹೇಳಿದೆ. ಬೇಜಾರಾಯಿತು ಅವರಿಗೆ. ಆದರೂ ಹೇಳಲೇಬೇಕಿತ್ತು.

ಐಟಿಯಲ್ಲಿರುವ ಗೆಳೆಯನೊಬ್ಬ ನನ್ನನ್ನು ಬೈದ. ಕೋಡಿಂಗ್, ಇಂಪ್ಲಿಮೆಂಟೇಷನ್ ಇದರಲ್ಲಿ ಕೇಳಲ್ಲ ಅಂತ ಪರೀಕ್ಷೆಯ ಗೈಡ್‌ನಲ್ಲೇ ಇದೆ, ಸುಮ್ನೆ ಅವರ ಟೈಮ್ ಹಾಳು ಮಾಡ್ತಿದ್ದೀಯ ಅಂದ. ಗೈಡ್‌ನಲ್ಲಿ ಇರೋದು ನಿಜ. ಆದರೆ ಅಂಕ ಸಿಗುವ ಪ್ರಶ್ನೆಗಳಲ್ಲಿ ಸೆಕ್ಯೂರಿಟಿ ಭಾಗವೇ 30%. ಮುಟ್ಟಲು ಹೆದರುವವರಿಗೆ ಅದು ಬಾಯಿಪಾಠದಿಂದ ತಲೆಗೆ ಹೋಗಲ್ಲ. ಇವತ್ತೂ ಅದೇ ಸಲಹೆ ಕೊಡುತ್ತೇನೆ.

ಎರಡು ವಾರದ ನಂತರ ಮೆಸೇಜ್ ಬಂತು. "ಬಕೆಟ್ ಡಿಲೀಟ್ ಆಗ್ತಿರ್ಲಿಲ್ಲ. ಮೊದಲು ಒಳಗಿರೋದನ್ನ ಖಾಲಿ ಮಾಡ್ಬೇಕಂತೆ. ನಾನೇ ಕಂಡುಹಿಡಿದೆ. ಬಿಲ್ ಸೊನ್ನೆ."