ಜೋಳದ ರೊಟ್ಟಿ ತಿನ್ನೋರಿಗೆ ಶುಗರ್ ಬರಲ್ಲ ಅಂತಾರಲ್ಲ, ನನಗೆ ಹೇಗೆ ಬಂತು? ಮಾತ್ರೆ ಇಲ್ಲದೆ ಇಳಿಸಬಹುದಾ?

ನಮಸ್ಕಾರ ರೀ. ನೀವು ಬರೆದಿದ್ದು ಇಷ್ಟು: ಬಾಗಲಕೋಟೆ ನವನಗರದವರು, ವಯಸ್ಸು 43, ಆಫೀಸ್ ಕೆಲಸ, ಎಚ್‌ಬಿಎ1ಸಿ 8.1 ಬಂದಿದೆ, ಡಾಕ್ಟರು ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಾರೆ, ಆದರೆ ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು ಅಂತ ಚೀಟಿ ಜೇಬಿನಲ್ಲೇ ಇಟ್ಟುಕೊಂಡಿದ್ದೀರಿ. ನಾನು ವಿಜಯಪುರದವನು. ನನಗೂ ಟೈಪ್ 2 ಶುಗರ್ ಇದೆ, ಕೆಲವು ವರ್ಷಗಳಿಂದ ಹತೋಟಿಯಲ್ಲಿದೆ. ಡಾಕ್ಟರ್ ಅಲ್ಲ, ಅನುಭವದಿಂದ ಮತ್ತು ಓದಿ ತಿಳಿದುಕೊಂಡಿದ್ದರಿಂದ ಹೇಳುತ್ತೇನೆ.

ಮೊದಲು ಮಾತ್ರೆ ತಗೊಳ್ಳಿ. ಇವತ್ತಿನಿಂದಲೇ. ಎಚ್‌ಬಿಎ1ಸಿ ಅನ್ನೋದು ಹೆಚ್ಚುಕಡಿಮೆ ಮೂರು ತಿಂಗಳ ಶುಗರಿನ ಲೆಕ್ಕ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ಚಿಕಿತ್ಸೆಯಲ್ಲಿ ಇರೋರಿಗೆ ಸಾಮಾನ್ಯವಾಗಿ 7ರ ಒಳಗೆ ಇರಬೇಕು ಅಂತಾರೆ. ನಿಮ್ಮದು 8.1. ಊಟ ಬದಲಾಯಿಸಿ, ತೂಕ ಇಳಿದು, ಅದರ ಫಲ ಕಾಣೋಕೆ ತಿಂಗಳುಗಳು ಬೇಕು. ಅಲ್ಲಿಯ ತನಕ ಏರಿದ ಶುಗರ್ ಸುಮ್ನೆ ಕೂರಲ್ಲ, ಕಣ್ಣು, ಕಿಡ್ನಿ, ಕಾಲಿನ ನರಗಳನ್ನ ಸದ್ದಿಲ್ಲದೆ ಹಾಳು ಮಾಡುತ್ತಿರುತ್ತದೆ. ಮಾತ್ರೆನೂ ಇರಲಿ, ಊಟನೂ ಬದಲಾಗಲಿ. ಶುಗರ್ ಇಳಿದಂತೆ ಡಾಕ್ಟರೇ ಡೋಸ್ ಕಡಿಮೆ ಮಾಡುತ್ತಾರೆ, ನನಗೆ ಹಾಗೇ ಮಾಡಿದರು.

ಪೂರ್ತಿ ಬಿಡೋಕೆ ಆಗುತ್ತಾ ಅಂದರೆ, ಕೆಲವರಿಗೆ ಆಗುತ್ತದೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಅಂತ ಒಂದು ಅಧ್ಯಯನ ಆಯಿತು, 2017ರಲ್ಲಿ ಪ್ರಕಟವಾಯಿತು. ತೂಕ ಜಾಸ್ತಿ ಇದ್ದು, ಕಾಯಿಲೆ ಬಂದು ಆರು ವರ್ಷದ ಒಳಗಿನವರನ್ನ ತಗೊಂಡಿದ್ದರು. ವರ್ಷದ ಕೊನೆಗೆ ತೂಕ ಇಳಿಸುವ ಗುಂಪಿನಲ್ಲಿ ನೂರಕ್ಕೆ 46 ಜನ ಮಾತ್ರೆ ಇಲ್ಲದೆ 6.5ರ ಕೆಳಗೆ ಬಂದಿದ್ದರು, 15 ಕೆಜಿ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಂತೂ ನೂರಕ್ಕೆ 86. ಆದರೆ ಅದನ್ನ ಮಾಡಿದ್ದು ವೈದ್ಯರ ಕಣ್ಣೆದುರು, ತುಂಬಾ ಕಡಿಮೆ ಊಟದ ಮೇಲೆ. ಮನೆಯಲ್ಲಿ ಒಬ್ಬರೇ ಉಪವಾಸ ಕೂತು ಮಾಡುವಂಥದ್ದಲ್ಲ. ನಿಮಗೆ ಈಗ ತಾನೇ ಬಂದಿದೆ ಅನ್ನೋದು ದೊಡ್ಡ ಅನುಕೂಲ, ಅದನ್ನ ಕಳೆದುಕೊಳ್ಳಬೇಡಿ.

ಇನ್ನು ರೊಟ್ಟಿ. ನಮ್ಮ ಕಡೆ ಈ ಮಾತು ಎಲ್ಲರ ಬಾಯಲ್ಲೂ ಇದೆ, ಜೋಳ ತಿಂದರೆ ಏನೂ ಆಗಲ್ಲ ಅಂತ. ಜೋಳ ಒಳ್ಳೆಯದೇ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿ ಅದರ ಹತ್ತಿರಕ್ಕೂ ಬರಲ್ಲ. ಆದರೆ ಅದೇ 100 ಗ್ರಾಂನಲ್ಲಿ 68 ಗ್ರಾಂನಷ್ಟು ಕಾರ್ಬೋಹೈಡ್ರೇಟೂ ಇದೆ, ಬಹುಪಾಲು ಪಿಷ್ಟ, ಅದು ಹೊಟ್ಟೆಯಲ್ಲಿ ಕರಗಿ ಸಕ್ಕರೆಯೇ ಆಗೋದು. ನಮ್ಮ ಹಿರಿಯರು ನಾಲ್ಕು ರೊಟ್ಟಿ ತಿಂದು ಇಡೀ ದಿನ ಹೊಲದಲ್ಲಿ ದುಡಿಯುತ್ತಿದ್ದರು. ನಾವು ಮೂರು ತಿಂದು ಕುರ್ಚಿ ಮೇಲೆ ಕೂರುತ್ತೇವೆ. ಮತ್ತೆ ರೊಟ್ಟಿಗೆ ಊಟ ಮುಗಿಯುತ್ತಾ? ಇಲ್ಲ. ಅದಾದ ಮೇಲೆ ಅನ್ನ ಸಾರು, ಅದರ ಮೇಲೆ ಮಜ್ಜಿಗೆ ಅನ್ನ. ಎಣಿಸೋದು ಬರೀ ರೊಟ್ಟಿ, ಅನ್ನದ ಲೆಕ್ಕ ಯಾರೂ ಇಡಲ್ಲ. ನಿಮ್ಮ ಶುಗರ್ ಎಲ್ಲಿಂದ ಬಂತು ಅಂತ ಹುಡುಕೋದಾದರೆ ಅಲ್ಲೇ ಮೊದಲು ನೋಡಿ. ಅಪ್ಪ-ಅಮ್ಮನಿಗೆ ಇದ್ದಿದ್ದರೆ, ಹೊಟ್ಟೆ ಬಂದಿದ್ದರೆ ಅದೂ ಕಾರಣ.

ನನ್ನ ತಾಟು ಈಗ ಹೀಗಿರುತ್ತದೆ. ಅರ್ಧ ತಾಟು ತುಂಬ ಪಲ್ಯ ಮತ್ತು ಹಸಿ ಸೊಪ್ಪು: ಪುಂಡಿ ಪಲ್ಯ, ಮೆಂತ್ಯ, ಹಕ್ಕರಕಿ, ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ. ಕಾಲು ಭಾಗ ಕಾಳು, ಮಡಕಿಕಾಳು ಇಲ್ಲವೇ ಹೆಸರುಕಾಳು, ಇಲ್ಲಾಂದ್ರೆ ಝುಣಕಾ. ಉಳಿದ ಜಾಗದಲ್ಲಿ ಒಂದು ರೊಟ್ಟಿ, ಹಸಿವಿದ್ದರೆ ಇನ್ನರ್ಧ, ಪಕ್ಕಕ್ಕೆ ಮೊಸರು. ಶೇಂಗಾ ಹಿಂಡಿ ಒಂದು ಚಮಚ, ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ತೂಕ ಇಳಿಸೋರಿಗೆ ಮುಷ್ಟಿ ಮುಷ್ಟಿ ಆಗಲ್ಲ. ಸೊಪ್ಪು-ಕಾಳು ಮೊದಲು ತಿಂದು ಆಮೇಲೆ ರೊಟ್ಟಿ ಮುರಿಯುತ್ತೇನೆ, ಹಾಗೆ ಮಾಡಿದರೆ ಶುಗರ್ ನಿಧಾನವಾಗಿ ಏರುತ್ತದೆ. ಅನ್ನ ವಾರಕ್ಕೆ ಒಂದೆರಡು ಸಲ, ರೊಟ್ಟಿ ಜೊತೆ ಅಲ್ಲ, ರೊಟ್ಟಿ ಬದಲು. ಹೊಸದೇನೂ ಖರೀದಿ ಮಾಡಬೇಕಿಲ್ಲ, ನೋಡಿ. ಓಟ್ಸ್, ಶುಗರ್‌ಫ್ರೀ ಬಿಸ್ಕತ್ತು ಅಂತ ದುಡ್ಡು ಹಾಕಬೇಡಿ.

ಚಹಾ ಕಡೆ ಗಮನ ಕೊಡಿ. ಕಪ್ಪು ಸಣ್ಣದು ಅಂತ ಲೆಕ್ಕಕ್ಕೇ ಬರಲ್ಲ, ಆಫೀಸಿನಲ್ಲಿ ಯಾರು ಬಂದರೂ ಒಂದು, ಯಾರು ಕರೆದರೂ ಒಂದು. ಒಂದೊಂದರಲ್ಲೂ ಎರಡು ಚಮಚ ಸಕ್ಕರೆ. ಅದನ್ನ ಬೆಲ್ಲಕ್ಕೆ ಬದಲಾಯಿಸಿದರೆ ಪ್ರಯೋಜನ ಇಲ್ಲ, ಬೆಲ್ಲನೂ ಬಹುಪಾಲು ಸಕ್ಕರೆಯೇ. ಮಣೂಕವೂ ಅಷ್ಟೇ, ನಮ್ಮೂರ ಬೆಳೆ ಅಂತ ಪ್ರೀತಿ ಇದ್ದರೂ ಅದು ನೀರು ಹೋದ ದ್ರಾಕ್ಷಿ, ಒಂದು ಹಿಡಿಯಲ್ಲಿ ಸಕ್ಕರೆ ಬಹಳ.

ಊಟಕ್ಕಿಂತ ನನಗೆ ಬೇಗ ಫಲ ಕಂಡಿದ್ದು ಊಟ ಆದ ತಕ್ಷಣದ ನಡಿಗೆಯಲ್ಲಿ. ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗೋರು ನಮ್ಮಲ್ಲಿ ತುಂಬಾ ಜನ, ಒಳ್ಳೆಯದೇ. ಆದರೆ ರಾತ್ರಿ ಊಟ ಮಾಡಿ ಹಾಗೇ ಮಲಗಿದರೆ ಆ ಊಟದ ಸಕ್ಕರೆ ಎಲ್ಲಿಗೆ ಹೋಗಬೇಕು? ಕಾಲಿನ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಹದಿನೈದು ನಿಮಿಷ ಸಾಕು. ನಿಮ್ಮ ನವನಗರದ ರಸ್ತೆಗಳು ಅಗಲವಾಗಿವೆ, ಮನೆಯವರನ್ನೂ ಕರೆದುಕೊಂಡು ಒಂದು ಸುತ್ತು ಹಾಕಿ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾದ ನಡಿಗೆ ಆಗಬೇಕು ಅಂತ ಎಲ್ಲ ವೈದ್ಯರೂ ಹೇಳುತ್ತಾರೆ. ಜೊತೆಗೆ ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೂ ಕೆಲಸ ಕೊಡಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂತರೂ ನಡೆಯುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಏಳು ಗಂಟೆಯೊಳಗೆ ಮುಗಿಸಿ.

ಒಂದು ಗ್ಲುಕೋಮೀಟರ್ ತಗೊಳ್ಳಿ. ಊಟಕ್ಕೆ ಮುಂಚೆ ಒಮ್ಮೆ, ಊಟ ಶುರು ಮಾಡಿದ ಎರಡು ತಾಸಿಗೆ ಒಮ್ಮೆ ಚುಚ್ಚಿ ನೋಡಿ ಒಂದು ವಹಿಯಲ್ಲಿ ಬರೆಯಿರಿ, ಏನು ತಿಂದಿರಿ ಅನ್ನೋದನ್ನೂ ಬರೆಯಿರಿ. ನನಗೆ ಬೆಳಗಿನ ಅವಲಕ್ಕಿ 210ರ ತನಕ ಏರಿಸುತ್ತಿತ್ತು, ಮೊಳಕೆಕಾಳು ಮತ್ತು ಒಂದು ರೊಟ್ಟಿ ತಿಂದ ದಿನ 150ರ ಆಸುಪಾಸು. ನಿಮ್ಮ ಮೈಗೆ ಬೇರೆ ಇರಬಹುದು. ಯಾರ ಮಾತಿಗಿಂತ ಆ ವಹಿ ಹೆಚ್ಚು ಹೇಳುತ್ತದೆ, ಡಾಕ್ಟರಿಗೂ ಅದನ್ನೇ ತೋರಿಸಿ. ಹಾಗಲಕಾಯಿ ರಸ, ಯಾರೋ ಕೊಡುವ ಬೇರಿನ ಪುಡಿ ನಂಬಿ ಮಾತ್ರೆ ನಿಲ್ಲಿಸಬೇಡಿ. ದಯವಿಟ್ಟು.

ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ತೀರಾ ಕೆಳಗೆ ಬೀಳೋದು ಅಪರೂಪ. ಮುಂದೆ ಶುಗರನ್ನ ತೀರಾ ಕೆಳಗೆ ಇಳಿಸಬಹುದಾದ ಗ್ಲಿಮೆಪಿರೈಡ್ ಥರದ ಮಾತ್ರೆ ಸೇರಿಸಿದರೆ, ಊಟ ಕಡಿಮೆ ಮಾಡೋಕೆ ಮುಂಚೆ ಡಾಕ್ಟರಿಗೆ ಹೇಳಿ. ಕೈ ನಡುಗಿ, ಬೆವರಿ, 70ರ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರದ ಅಲ್ಬುಮಿನ್ (ಕಿಡ್ನಿ ಹೇಗಿದೆ ಅಂತ ನೋಡೋಕೆ), ಪಾದದ ತಪಾಸಣೆ ಆಗಲಿ.

ಪಾದ ಅಂದಾಗ ಇದೊಂದು ಹೇಳಲೇಬೇಕು. ಯುಗಾದಿ ಹೊತ್ತಿಗೆ ನಮ್ಮ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಎಷ್ಟೊಂದು ಜನ ಪಾದಯಾತ್ರೆ ಹೋಗುತ್ತಾರೆ, ಅದೂ ಬರಿಗಾಲಲ್ಲಿ, ಕಾದ ಡಾಂಬರಿನ ಮೇಲೆ. ಹಳೆ ಶುಗರ್ ಇದ್ದು ಕಾಲು ಜೋಮು ಹಿಡಿದವರಿಗೆ ಬೊಬ್ಬೆ ಎದ್ದರೂ ಗೊತ್ತಾಗಲ್ಲ, ಗಾಯ ಬೇಗ ಮಾಯಲ್ಲ, ಬೆರಳು ಕತ್ತರಿಸುವ ತನಕ ಹೋಗುತ್ತದೆ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಚಪ್ಪಲಿ ಅಲ್ಲ, ಮೆತ್ತಗಿನ ಬೂಟು, ಹತ್ತಿಯ ಕಾಲುಚೀಲ ಹಾಕಿಸಿ ಕಳಿಸಿ, ಪ್ರತಿ ರಾತ್ರಿ ಜೊತೆಯವರು ಯಾರಾದರೂ ಅವರ ಅಂಗಾಲು, ಬೆರಳ ಸಂದಿ ಟಾರ್ಚ್ ಹಾಕಿ ನೋಡಲಿ. ಗಾಯ ಕಂಡರೆ ಅಲ್ಲಿಂದಲೇ ಬಸ್ಸು ಹತ್ತಿಸಿ.